ಕಿಟಕಿಯಮ್ಮನ ನಾಲ್ಕು ಪ್ಲಗ್ಗುಗಳು

ಕಾರು ಕೊಂಡ ಮೇಲೆ ಎರಡು ವರ್ಷ ನಾನು ಒಂದು ವಿಷಯವನ್ನು ಬಹಳ ಗಟ್ಟಿಯಾಗಿ ನಂಬಿದ್ದೆ. ಸ್ಪಾರ್ಕ್ ಪ್ಲಗ್ ಅನ್ನುವುದು ಬೆಂಕಿಕಡ್ಡಿಯ ಹಾಗೆ. ಒಲೆ ಹೊತ್ತಿಸುವಾಗ ಒಂದು ಸಲ ಗೀರುತ್ತೇವೆ, ಒಲೆ ಹೊತ್ತಿಕೊಂಡಿತು, ಕಡ್ಡಿಯ ಕೆಲಸ ಮುಗಿಯಿತು. ಹಾಗೆಯೇ ಕೀ ತಿರುಗಿಸಿದಾಗ ಪ್ಲಗ್ ಒಂದು ಕಿಡಿ ಹಾರಿಸುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ, ಇನ್ನು ಮುಂದಿನ ಸಲ ಕೀ ತಿರುಗಿಸುವ ತನಕ ಪ್ಲಗ್ಗಿಗೆ ರಜೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಂತ ಬುದ್ಧಿಯಿಂದ ಕಂಡುಹಿಡಿದದ್ದು. ಅದಕ್ಕೇ ನಂಬಿಕೆ ಅಷ್ಟು ಗಟ್ಟಿ.

ನಂಬಿದ ಮೇಲೆ ಅದರ ಪ್ರಕಾರ ನಡೆಯಬೇಕಲ್ಲ. ಪ್ಲಗ್ಗುಗಳು ಸವೆಯಬಾರದೆಂದು ಎಂಜಿನ್ ಆರಿಸುವುದನ್ನೇ ಕಡಿಮೆ ಮಾಡಿದೆ. ತರಕಾರಿ ಅಂಗಡಿಯ ಮುಂದೆ, ಔಷಧಿ ಅಂಗಡಿಯ ಮುಂದೆ, ಪರಿಚಯದವರು ಸಿಕ್ಕಿ ಮಾತಿಗೆ ನಿಂತ ಕಡೆಯೆಲ್ಲ ಕಾರು ಗುರುಗುಟ್ಟುತ್ತ ನಿಂತಿರುತ್ತಿತ್ತು. ಒಮ್ಮೆ ಹೆಂಡತಿಯನ್ನು ಒಳಗೆ ಕೂರಿಸಿ, ಎಂಜಿನ್ ಆರಿಸದೆ, ಇಡೀ ಒಂದು ಕ್ಷೌರ ಮುಗಿಸಿಕೊಂಡು ಬಂದೆ. ಪೆಟ್ರೋಲು ನಿಮ್ಮ ತಾತ ಬಾವಿಯಿಂದ ಸೇದಿ ಕೊಡ್ತಾರಾ ಎಂದು ಅವಳು ಕೇಳಿದಳು. ಯಂತ್ರಗಳ ವಿಷಯ ನಿನಗೆ ತಿಳಿಯುವುದಿಲ್ಲ ಬಿಡು ಎಂದು ನಾನು ಸಮಾಧಾನವಾಗಿಯೇ ಹೇಳಿದೆ. ಆ ಸಮಾಧಾನ ನೆನಸಿಕೊಂಡರೆ ಈಗ ಕಿವಿ ಬಿಸಿಯಾಗುತ್ತದೆ.

ಕಾರು ಹಳೆಯದು. ನನಗಿಂತ ಮೊದಲು ಇಬ್ಬರ ಕೈಯಲ್ಲಿ ಪಳಗಿ ಬಂದದ್ದು. ಬಣ್ಣ ಯಾವುದೆಂದು ಕೇಳಿದರೆ ಯಾವ ಕಡೆಯಿಂದ ನೋಡುತ್ತೀರಿ ಎಂದು ಮರುಪ್ರಶ್ನೆ ಹಾಕಬೇಕು. ಆದರೂ ಆ ವಾರ ನನ್ನ ಬದುಕು ಪೂರ್ತಿ ಅದರ ಮೇಲೆ ನಿಂತಿತ್ತು. ನಾನು ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುವವನು. ಮೂರು ವರ್ಷದಿಂದ ತೊಳೆಯುತ್ತಿದ್ದೆ. ಬೆರಳ ತುದಿ ಸದಾ ನೀರಲ್ಲಿ ನೆನೆದ ಕಡಲೆಯ ಹಾಗೆ ಸುಕ್ಕುಗಟ್ಟಿರುತ್ತಿತ್ತು. ಈಗ ಹನ್ನೊಂದು ಕ್ಲಿನಿಕ್ಕುಗಳನ್ನು ಸುತ್ತಿ ರಕ್ತದ ಮಾದರಿ ತರುವ ಕೆಲಸ ಖಾಲಿಯಾಗಿತ್ತು. ಸ್ವಂತ ಕಾರು ಇರಬೇಕು ಅನ್ನುವುದೊಂದೇ ಷರತ್ತು. ಮೇಲ್ವಿಚಾರಕಿ ನನ್ನನ್ನು ಕರೆದು, ಸೋಮವಾರ ಬೆಳಿಗ್ಗೆ ಆರೂವರೆಗೆ ಮೊದಲ ಕ್ಲಿನಿಕ್ಕಿನ ಮುಂದೆ ಇರಬೇಕು, ರಕ್ತ ಯಾರಿಗೂ ಕಾಯುವುದಿಲ್ಲ, ನೀವು ಬರದಿದ್ದರೆ ಇನ್ನೊಬ್ಬರು ತಯಾರಿದ್ದಾರೆ ಎಂದಿದ್ದರು. ಆ ಇನ್ನೊಬ್ಬ ನನ್ನ ಪಕ್ಕದಲ್ಲೇ ಕೊಳವೆ ತೊಳೆಯುತ್ತಿದ್ದ. ಹೊಸ ಕಾರಿನ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುವ ಅಭ್ಯಾಸ ಬೇರೆ ಅವನಿಗೆ.

ಶನಿವಾರ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತಾಗ ಕಾರು ನಡುಗತೊಡಗಿತು. ಹತ್ತು ದಿನದಿಂದ ಸಣ್ಣಗೆ ಗೊಣಗುತ್ತಿದ್ದದ್ದು ಅಂದು ಬಾಗಿಲಿನ ಗಾಜು ಕಟಕಟ ಅನ್ನುವಷ್ಟಾಯಿತು. ಹೇಗೋ ಮನೆ ಮುಟ್ಟಿಸಿದೆ. ಗ್ಯಾರೇಜಿನವನಿಗೆ ಫೋನು ಮಾಡಿ ಶಬ್ದ ಕೇಳಿಸಿದರೆ ಪ್ಲಗ್ ಹೋಗಿದೆ ಎಂದ, ಬುಧವಾರ ತನ್ನಿ ಎಂದ. ಬುಧವಾರ ಅಂದರೆ ಆ ಇನ್ನೊಬ್ಬ ಎರಡು ದಿನ ಹನ್ನೊಂದು ಕ್ಲಿನಿಕ್ಕು ಸುತ್ತಿ ಎಲ್ಲ ಕಡೆ ಪರಿಚಯ ಮಾಡಿಕೊಂಡಾಗಿರುತ್ತದೆ. ನಾನು ಹಜಾರದಲ್ಲಿ ತಲೆ ಹಿಡಿದು ಕುಳಿತೆ.

ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ ಹೇಳಿದಳು: "ಅಂಗಡಿ ಮುಚ್ಚೋದ್ರೊಳಗೆ ಹೋಗಿ ನಾಲ್ಕು ಪ್ಲಗ್ಗು, ಒಂದು ಪ್ಲಗ್ ಪಾನಾ ತಗೊಂಡು ಬಾ. ನಾಳೆ ಮನೇಲೇ ಹಾಕೋಣ."

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಅರವತ್ತೆರಡು ವಯಸ್ಸು. ಎತ್ತರ ಇಲ್ಲ, ದಪ್ಪ ಇಲ್ಲ, ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಆರು ವರ್ಷದಿಂದ ನಮ್ಮ ಜೊತೆಗಿದ್ದಾಳೆ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅಂಚೆ ಸಾಗಿಸುವ ವ್ಯಾನುಗಳ ಡಿಪೋದಲ್ಲಿ ಕೆಲಸ ಮಾಡಿದವಳು. ದೊಡ್ಡಪ್ಪ ತೀರಿಕೊಂಡಾಗ ಅವಳಿಗೆ ಮೂವತ್ತು. ಡಿಪೋದವರು ಕೇಳಿದ್ದು ಒಂದೇ ಪ್ರಶ್ನೆಯಂತೆ, ಸಣ್ಣ ಕೆಲಸ ಬೇಸರವಾಗುವುದಿಲ್ಲವಾ ಎಂದು. ಎಷ್ಟು ಸಣ್ಣದು ಎಂದು ಇವಳು ಕೇಳಿದಳಂತೆ. ಕೂದಲೆಳೆಯಷ್ಟು ಎಂದರಂತೆ.

ಅವಳದು ಪ್ಲಗ್ ಬೆಂಚು. ಗೋಡೆಯಲ್ಲೊಂದು ಸಣ್ಣ ಕಿಟಕಿ, ಕಿಟಕಿಯ ಆಚೆ ವ್ಯಾನುಗಳ ಶೆಡ್ಡು. ಫಿಟ್ಟರುಗಳು ಅಲ್ಲಿ ಬಿಚ್ಚಿದ ಪ್ಲಗ್ಗುಗಳು ತಗಡಿನ ಟ್ರೇಯಲ್ಲಿ ಕಿಟಕಿಯಿಂದ ಒಳಗೆ ಬರುತ್ತಿದ್ದವು. ಇವಳು ಅವನ್ನು ಮರಳು ಊದುವ ಯಂತ್ರದಲ್ಲಿ ಶುಚಿ ಮಾಡಿ, ತುದಿಯ ಎರಡು ಲೋಹದ ನಡುವಿನ ಸಂದನ್ನು ಅಳತೆಗೆ ತಂದು, ಗಾಳಿ ತುಂಬಿದ ಒಂದು ಡಬ್ಬಿಯಲ್ಲಿಟ್ಟು ಕಿಡಿ ಹಾರಿಸಿ ನೋಡುತ್ತಿದ್ದಳು. ಡಬ್ಬಿಗೆ ಉಗುರಗಲದ ಒಂದು ಗಾಜು. ಅದರಲ್ಲಿ ಕಿಡಿ ನೀಲಿಯಾಗಿ ಕಂಡರೆ ಟ್ರೇಯಲ್ಲಿ ವಾಪಸ್ಸು ಶೆಡ್ಡಿಗೆ, ಹಳದಿಯಾಗಿ ಸೋತು ಕಂಡರೆ ಕಸಕ್ಕೆ. ದಿನಕ್ಕೆ ಐವತ್ತು. ನಾನು ಒಮ್ಮೆ ಗುಣಿಸಿ ನೋಡಿದೆ: ಮೂರು ಲಕ್ಷ ದಾಟುತ್ತದೆ. ಮೂರು ಲಕ್ಷ ನೀಲಿ ಕಿಡಿಗಳನ್ನು ಒಂದೊಂದಾಗಿ ನೋಡಿದ ಕಣ್ಣು ನಮ್ಮ ಮನೆಯಲ್ಲಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತದೆ ಅಂದರೆ ನನಗೆ ಒಮ್ಮೊಮ್ಮೆ ಏನೋ ತಪ್ಪು ನಡೆಯುತ್ತಿದೆ ಅನ್ನಿಸುತ್ತದೆ.

ಶೆಡ್ಡಿನ ಫಿಟ್ಟರುಗಳಿಗೆ ಕಾಣುತ್ತಿದ್ದದ್ದು ಕಿಟಕಿಯಲ್ಲಿ ಅವಳ ಮುಖ ಮತ್ತು ಎರಡು ಕೈ ಮಾತ್ರ. ಹಾಗಾಗಿ ಅವರು ಕಿಟಕಿಯಮ್ಮ ಎಂದು ಕರೆಯುತ್ತಿದ್ದರು. ಕಿಟಕಿಯಮ್ಮನಿಗೆ ಅಲ್ಲಿ ಒಂದು ಭಯಂಕರ ಹೆಸರಿತ್ತು. ಪ್ಲಗ್ ನೋಡಿ ಡ್ರೈವರನ ಗುಣ ಹೇಳುತ್ತಾಳೆ ಎಂದು. ಹದಿನೇಳನೇ ನಂಬರಿನ ವ್ಯಾನಿನ ಟ್ರೇ ಜೊತೆ ಅವಳು ಒಮ್ಮೆ ಚೀಟಿ ಬರೆದಿಟ್ಟಳಂತೆ: 'ಈ ಡ್ರೈವರು ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ನಿದ್ದೆ ಮಾಡುತ್ತಾರೆ.' ಆ ಮನುಷ್ಯ ಜಗಳಕ್ಕೇ ಬಂದ. ಯಾರು ಚಾಡಿ ಹೇಳಿದ್ದು ಎಂದು ಕಿಟಕಿಗೆ ಗುದ್ದಿದ. ಇವಳು ಅವನದೇ ಪ್ಲಗ್ಗನ್ನು ಎತ್ತಿ ತೋರಿಸಿದಳು, ಇವನು ಎಂದು. ಮಸಿ ಮೆತ್ತಿದ ಪ್ಲಗ್ಗು. ಡ್ರೈವರು ಅದನ್ನೇ ದಿಟ್ಟಿಸಿ ನೋಡಿ ಹೊರಟುಹೋದನಂತೆ.

ಅಳತೆ ಅವಳ ಕಣ್ಣಿಗೆ ಎಷ್ಟು ಅಂಟಿದೆ ಅಂದರೆ, ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಬಂದಾಗಲೆಲ್ಲ ನನ್ನ ಮುಂದಿನ ಎರಡು ಹಲ್ಲಿನ ಸಂದನ್ನು ನೋಡಿ, ಒಂದು ಪಾಯಿಂಟ್ ಎರಡು, ಹೋದ ವರ್ಷಕ್ಕಿಂತ ಕೂಡಿಕೊಂಡಿದೆ ಎನ್ನುತ್ತಿದ್ದಳು. ಮಿಲಿಮೀಟರಿನ ಲೆಕ್ಕ ಅದು. ಬೇರೆ ಮಕ್ಕಳಿಗೆ ಎಷ್ಟು ಎತ್ತರ ಆಗಿದ್ದಾನೆ ಅನ್ನುತ್ತಾರೆ, ನನಗೆ ಹೀಗೆ.

ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಕಿರಿದಾದ ಸಿಮೆಂಟು ಅಂಗಳದಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ಮೇಲಿನ ಮಹಡಿಯ ಡ್ರಾಯಿಂಗ್ ಮೇಷ್ಟ್ರು ಬಾಲ್ಕನಿಗೆ ಕುರ್ಚಿ ತಂದು ಹಾಕಿಕೊಂಡರು. ನಿವೃತ್ತರು, ನಮ್ಮ ಮನೆಯೇ ಅವರಿಗೆ ಟೀವಿ. ದೊಡ್ಡಮ್ಮ ಹಳೆಯ ಸೀರೆಯ ಸೆರಗು ಬಿಗಿಯಾಗಿ ಸಿಕ್ಕಿಸಿ, ಮೇಲೆ ನನ್ನದೊಂದು ಅಂಗಿ ತೊಟ್ಟುಕೊಂಡು ಹೊರಗೆ ಬಂದಳು. ಕೈಯಲ್ಲಿ ಮೊಟ್ಟೆ ಇಡುವ ಕಾಗದದ ಟ್ರೇ, ಒಂದು ಗೇಣು ರಬ್ಬರ್ ಪೈಪು, ಸೈಕಲ್ ಪಂಪು, ಸಂದು ಅಳೆಯುವ ತೆಳು ತಗಡುಗಳ ಒಂದು ಕಟ್ಟು, ಮತ್ತು ಒಂದು ಹಾಳೆ.

ಮೊದಲು ಎಂಜಿನ್ ಶುರು ಮಾಡಿಸಿದಳು. ಹಿಂದೆ ಹೋಗಿ, ಹೊಗೆಕೊಳವೆಯ ಬಾಯಿಗೆ ಆ ಹಾಳೆಯನ್ನು ಹಿಡಿದಳು. ಹಾಳೆ ಪಟಪಟ ಹೊರಗೆ ಹಾರುತ್ತಿತ್ತು, ನಡುನಡುವೆ ಒಳಕ್ಕೆ ಹೀರಿಕೊಂಡಂತಾಗಿ ಮತ್ತೆ ಹಾರುತ್ತಿತ್ತು. ಅವಳು ತಲೆಯಾಡಿಸುತ್ತ ಲೆಕ್ಕ ಹಾಕಿದಳು. ನಾಲ್ಕರಲ್ಲಿ ಒಂದು ಉರಿಯುತ್ತಿಲ್ಲ, ಮೂರು ಕಾಲಲ್ಲಿ ಓಡುತ್ತಿದೆ ಪಾಪ, ಎಂದಳು. ಉಸಿರಿನಿಂದ ಕಾಯಿಲೆ ಹೇಳಿದ ಹಾಗಿತ್ತು.

ಎಂಜಿನ್ ಆರಿಸಿದ ಮೇಲೆ ಬಿಚ್ಚಲು ಹೋದೆ. ಕೈ ಹಿಡಿದು ನಿಲ್ಲಿಸಿದಳು. ಬಿಸಿ ಇದ್ದಾಗ ಮುಟ್ಟಬಾರದು, ಒಳಗಿನ ಲೋಹ ಮೆತ್ತಗಿರುತ್ತದೆ. ಒಂದು ಮಣೆ ಹಾಕಿಕೊಂಡು ಕುಳಿತಳು. ಆಗಾಗ ಎದ್ದು ಅಂಗೈಯನ್ನು ಎಂಜಿನ್ನಿನ ಮೇಲೆ ಇಟ್ಟು, ಕಣ್ಣು ಮುಚ್ಚಿ, ಮತ್ತೆ ಬಂದು ಕುಳಿತುಕೊಳ್ಳುತ್ತಿದ್ದಳು. ಹೀಗೇ ಒಂದು ಗಂಟೆ.

"ಏನಮ್ಮಾ, ಜ್ವರ ಎಷ್ಟಿದೆ?" ಎಂದರು ಮೇಲಿನಿಂದ ಮೇಷ್ಟ್ರು.

"ಇಳೀತಾ ಇದೆ ಮೇಷ್ಟ್ರೇ. ನೀವು ಮಾತಾಡಿಸ್ತಾ ಇದ್ರೆ ಏರತ್ತೆ."

ಕಾಯುವ ಹೊತ್ತಿನಲ್ಲಿ ಕಾರಿನ ಜೊತೆ ಬಂದಿದ್ದ ಪುಸ್ತಕ ತರಿಸಿ, ಪ್ಲಗ್ಗಿನ ಪುಟ ಓದು ಎಂದಳು. ಓದಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ. ಎಷ್ಟು ಬಿಗಿ ಮಾಡಬೇಕು ಅನ್ನುವ ಸಾಲನ್ನು ಮೂರನೆಯ ಸಲ ಓದಿಸಿದಳು. ನನಗೆ ಕಲಿಸಲು ಓದಿಸುತ್ತಿದ್ದಾಳೆ ಎಂದು ನಾನೂ ಶ್ರದ್ಧೆಯಿಂದ, ಗಂಟಲು ಸರಿಮಾಡಿಕೊಂಡು ಓದಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ಇಷ್ಟು ಗಮನ ಕೊಟ್ಟು ನೀವು ನಮ್ಮ ಮದುವೆಯ ಪತ್ರಿಕೆಯನ್ನೂ ಓದಿರಲಿಲ್ಲ ಎಂದಳು.

ಎಂಜಿನ್ ತಣ್ಣಗಾಯಿತು. ದೊಡ್ಡಮ್ಮ ಮೊದಲ ಪ್ಲಗ್ಗಿನ ವೈರನ್ನು ಅದರ ಟೋಪಿ ಹಿಡಿದು ಮೆಲ್ಲಗೆ ತಿರುಗಿಸಿ ಎಳೆದಳು. ಮಿಕ್ಕ ಮೂರು ವೈರುಗಳನ್ನು ಮುಟ್ಟಬೇಡ ಎಂದು ನನಗೆ ಬೆರಳು ತೋರಿಸಿದಳು. ಒಂದರ ಜಾಗಕ್ಕೆ ಇನ್ನೊಂದು ಹೋದರೆ ನಾಲ್ಕೂ ಸೇರಿ ಜಗಳ ಆಡುತ್ತವೆ, ಒಂದೊಂದೇ ಆಗಬೇಕು. ಪ್ಲಗ್ ಕೂತ ಗುಂಡಿಯೊಳಗೆ ಸೈಕಲ್ ಪಂಪಿನಿಂದ ಗಾಳಿ ಊದಿಸಿದಳು. ವರ್ಷಗಳ ಧೂಳು, ಒಂದು ಒಣಗಿದ ಎಲೆ, ಒಂದು ಸತ್ತ ಇರುವೆ ನನ್ನ ಮುಖದ ಮೇಲೇ ಹಾರಿದವು. ಎಂಜಿನ್ನಿನ ಹೊಟ್ಟೆಗೆ ಹೋಗುವ ಬದಲು ನಿನ್ನ ಮುಖಕ್ಕೆ ಬಂದರೆ ಒಳ್ಳೆಯದು ಎಂದಳು. ಆಮೇಲೆ ಪಾನಾ ಇಳಿಸಿ, ಅದು ಸರಿಯಾಗಿ ಕೂತಿದೆಯಾ ಎಂದು ಎರಡು ಮೂರು ಸಲ ಅಲ್ಲಾಡಿಸಿ ನೋಡಿ, ತಿರುಗಿಸಿದಳು. ಟಕ್ ಎಂದು ಸಡಿಲವಾಯಿತು.

ಹೊರಬಂದ ಪ್ಲಗ್ಗನ್ನು ಮೊಟ್ಟೆಯ ಟ್ರೇಯ ಮೊದಲ ಗುಳಿಯಲ್ಲಿಟ್ಟಳು. ಅದರ ತುದಿ ಕಪ್ಪಗೆ, ಒಣಮಸಿ ಮೆತ್ತಿಕೊಂಡು, ಲಾಂದ್ರದ ಗಾಜಿನ ಹಾಗಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

"ಗಾಡಿ ಎಲ್ಲಿ ನಿಲ್ಲಿಸ್ಕೊಂಡು ಕೂತಿರ್ತೀಯ ನೀನು?"

"ಕ್ಷೌರದಂಗಡಿ ಮುಂದೆ," ಎಂದಳು ನನ್ನ ಹೆಂಡತಿ. ಎರಡು ವರ್ಷದಿಂದ ಕಾದಿದ್ದ ಅವಕಾಶ ಅವಳಿಗೆ.

ಬೇರೆ ದಾರಿ ಇಲ್ಲದೆ ನನ್ನ ಬೆಂಕಿಕಡ್ಡಿಯ ಸಿದ್ಧಾಂತವನ್ನು ಹೇಳಿದೆ. ಬಾಲ್ಕನಿಯಲ್ಲಿ ಮೇಷ್ಟ್ರು ನಕ್ಕ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. ದೊಡ್ಡಮ್ಮ ನಗಲಿಲ್ಲ. ಪಾನಾ ಕೆಳಗಿಟ್ಟು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಎಂಜಿನ್ನು ಎರಡು ಸುತ್ತು ಸುತ್ತಿದರೆ ಪ್ರತಿ ಪ್ಲಗ್ಗೂ ಒಂದು ಸಲ ಕಿಡಿ ಹಾರಿಸಬೇಕು. ರಸ್ತೆಯ ಮೇಲೆ ನಿಮಿಷಕ್ಕೆ ಮೂರು ಸಾವಿರ ಸುತ್ತು. ನಿಂತ ಗಾಡಿಯಲ್ಲೂ ಕಿಡಿ ಹಾರುತ್ತಲೇ ಇರುತ್ತದೆ, ಆದರೆ ಒಳಗೆ ಕಾವು ಸಾಲದೆ ಮಸಿ ಸುಡುವುದಿಲ್ಲ, ಪ್ಲಗ್ಗಿಗೇ ಮೆತ್ತುತ್ತದೆ. ಅಂದರೆ ಪ್ಲಗ್ಗುಗಳನ್ನು ಉಳಿಸಲೆಂದು ನಾನು ಎರಡು ವರ್ಷ ಮಾಡಿದ್ದು ಪ್ಲಗ್ಗುಗಳನ್ನು ಕೊಲ್ಲುವ ಕೆಲಸ.

ನಾಚಿಕೆ ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಲೆಕ್ಕ ತಲೆಗೆ ಹತ್ತಿಕೊಂಡಿತು. ನಿಮಿಷಕ್ಕೆ ಸಾವಿರದ ಐನೂರು. ಸೆಕೆಂಡಿಗೆ ಇಪ್ಪತ್ತೈದು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಏಳೆಂಟು. ಮನೆಯಿಂದ ಲ್ಯಾಬಿಗೆ ಇಪ್ಪತ್ತೆರಡು ನಿಮಿಷ, ಒಂದೊಂದು ಪ್ಲಗ್ಗೂ ಮೂವತ್ತು ಸಾವಿರಕ್ಕೂ ಹೆಚ್ಚು ಸಲ. ನಾನು ಹಾಡು ಗುನುಗುತ್ತ, ಮುಂದಿನ ಸ್ಕೂಟರಿನವನನ್ನು ಬೈಯುತ್ತ ಹೋಗುತ್ತಿದ್ದಾಗ, ಮೊಣಕಾಲಿನಿಂದ ಒಂದು ಮಾರು ದೂರದಲ್ಲಿ ಇವು ಒಂದು ಸಲವೂ ತಪ್ಪದೆ ಮಿಂಚುತ್ತಿದ್ದವು. ಮಸಿಯಲ್ಲಿ ಮುಳುಗಿಯೂ ಮಿಂಚುತ್ತಿದ್ದವು. ಟ್ರೇಯಲ್ಲಿ ಬಿದ್ದಿದ್ದ ಆ ಕಪ್ಪು ತುಂಡಿನ ಮುಂದೆ ಎದ್ದು ನಿಲ್ಲಬೇಕು ಅನ್ನಿಸಿತು. ನಿಂತೇ ಇದ್ದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಹೊಸ ಪ್ಲಗ್ಗನ್ನು ದೊಡ್ಡಮ್ಮ ಡಬ್ಬಿಯಿಂದ ತೆಗೆದಾಗ ಅವಳ ಮುಖವೇ ಬದಲಾಯಿತು. ಅಲ್ಲಿಯವರೆಗೆ ಜಾಗ ಹುಡುಕಿಕೊಂಡು ನಡೆಯುವವರ ಹಾಗಿದ್ದವಳು ಈಗ ಸ್ವಂತ ಅಡುಗೆಮನೆಗೆ ಬಂದವಳ ಹಾಗಾದಳು. ತುದಿಯ ಸಂದನ್ನು ಬೆಳಕಿಗೆ ಹಿಡಿದಳು. ಸಂದು ಪಾಯಿಂಟ್ ಎಂಟು ಇರಬೇಕು ಎಂದು ನಾನೇ ಪುಸ್ತಕದಲ್ಲಿ ಓದಿದ್ದೆ, ಒಂದು ಮಿಲಿಮೀಟರಿಗಿಂತ ಕಡಿಮೆ. ಇದು ಒಂಬತ್ತಿದೆ, ಎಂದಳು. ನನಗೆ ಕಂಡದ್ದು ಒಂದು ಸಂದು, ಅಷ್ಟೇ. ಪ್ಲಗ್ಗಿನ ತುದಿಯನ್ನು ಮಣೆಯ ಅಂಚಿಗೆ ಒಮ್ಮೆ ತಾಗಿಸಿದಳು, ತಟ್ಟಿದಳು ಅನ್ನಲೂ ಆಗದಷ್ಟು ಹಗುರವಾಗಿ. ಆಮೇಲೆ ಅಳತೆಯ ತಗಡುಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು ನೋಡು ಎಂದಳು. ಎಂಟರ ತಗಡು ಸರಾಗವಾಗಿ ಒಳಗೆ ಹೋಯಿತು. ಒಂಬತ್ತರದು ಹೋಗಲಿಲ್ಲ. ನಾಲ್ಕು ಪ್ಲಗ್ಗಿಗೂ ಹಾಗೆಯೇ, ಕಣ್ಣಳತೆಯಲ್ಲಿ, ನಾಲ್ಕು ಸಲವೂ.

ಎರಡನೆಯದು, ಮೂರನೆಯದು ಕಷ್ಟ ಕೊಡದೆ ಬಂದವು. ಮಸಿ ಇತ್ತು, ಒಡಕು ಇರಲಿಲ್ಲ. ಅವಳು ಪಿಂಗಾಣಿಯ ಮೇಲೆ ಉಗುರು ಆಡಿಸಿ, ಇವರು ಮೂವರೂ ಮಸಿಯಲ್ಲೇ ದುಡಿದವರು, ಉರಿಯದವನು ನಾಲ್ಕನೆಯವನು ಎಂದಳು.

ನಾಲ್ಕನೆಯವನು ಅಲುಗಲಿಲ್ಲ.

ಪಾನಾ ಇಳಿಸಿ ತಿರುಗಿಸಿದಳು. ಇಲ್ಲ. ಎರಡೂ ಕೈ ಹಾಕಿದಳು. ಇಲ್ಲ. ನಾನು ಗಂಡಸುತನದ ಅವಕಾಶ ಸಿಕ್ಕಿತೆಂದು ಹಿತ್ತಲಿನಿಂದ ಎರಡಡಿ ಕಬ್ಬಿಣದ ಪೈಪು ತಂದೆ. ಪಾನಾದ ಹಿಡಿಗೆ ಸಿಕ್ಕಿಸಿ ಎಳೆದರೆ ಬಂದೇ ಬರುತ್ತದೆ ಎಂದೆ.

"ಬರತ್ತೆ," ಎಂದಳು ದೊಡ್ಡಮ್ಮ. "ಪ್ಲಗ್ ಜೊತೆ ಎಂಜಿನ್ನಿನ ಥ್ರೆಡ್ಡೂ ಬರತ್ತೆ. ಕೆಳಗಿಡು ಅದನ್ನ."

ಅಂಥ ಪ್ಲಗ್ಗುಗಳು ಕಿಟಕಿಯಿಂದ ಅವಳ ಟ್ರೇಗೆ ಬಂದಿದ್ದವಂತೆ, ಸುತ್ತ ಬೆಳ್ಳನೆಯ ಲೋಹ ಸಣ್ಣ ಬಳೆಯ ಹಾಗೆ ಸುತ್ತಿಕೊಂಡು. ಆ ಲೋಹ ಎಂಜಿನ್ನಿನದು, ಪ್ಲಗ್ಗನ್ನು ಹಿಡಿದಿಡುವ ತಿರುಪಿನ ಸುತ್ತುಗಳು. ಒಮ್ಮೆ ಕಿತ್ತು ಬಂದರೆ ಆ ಜಾಗದಲ್ಲಿ ಇನ್ನು ಯಾವ ಪ್ಲಗ್ಗೂ ನಿಲ್ಲುವುದಿಲ್ಲ. ಹಾಗಾದ ಒಂದು ವ್ಯಾನು ಒಂಬತ್ತು ದಿನ ಶೆಡ್ಡಿನಲ್ಲಿ ನಿಂತಿತ್ತು. ಇನ್ನು ನಡುವೆ ಮುರಿದುಹೋದರಂತೂ ಅರ್ಧ ಒಳಗೇ ಉಳಿಯುತ್ತದೆ. ಅವಳು ಇದನ್ನೆಲ್ಲ ಮೆಲ್ಲಗೆ, ಬೇರೆ ಯಾರದೋ ಮನೆಯ ವಿಷಯ ಹೇಳಿದ ಹಾಗೆ ಹೇಳುತ್ತಿದ್ದಳು. ನನ್ನ ಕಣ್ಣ ಮುಂದೆ ಹನ್ನೊಂದು ಕ್ಲಿನಿಕ್ಕುಗಳು ಸಾಲಾಗಿ ಬಾಗಿಲು ಹಾಕಿಕೊಂಡವು. ಮೂರು ಹೊಸತು ಹಾಕಿದ್ದೇವಲ್ಲ, ಇದೊಂದು ಹಾಗೇ ಇರಲಿ, ಹೇಗೋ ಓಡಿಸುತ್ತೇನೆ ಎಂದೆ. ರೋಗ ಇರುವ ಹಲ್ಲು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೀಳಿಸಿಕೊಂಡ ಹಾಗಾಗುತ್ತದೆ ಎಂದಳು.

ಹೊಲಿಗೆ ಯಂತ್ರದ ಎಣ್ಣೆ ತರಿಸಿ, ಪ್ಲಗ್ಗಿನ ಬುಡಕ್ಕೆ ನಾಲ್ಕು ಹನಿ ಬಿಟ್ಟಳು. ಅರ್ಧ ಗಂಟೆ ಕಾಯಬೇಕು. ಕಾದೆವು. ಆಮೇಲೆ ಅವಳು ಕನ್ನಡಕ ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟಳು. ಇನ್ನು ಕಣ್ಣಿನ ಕೆಲಸ ಇಲ್ಲ ಎಂದಳು. ಪಾನಾ ಹಿಡಿದು, ಎಳೆಯದೆ, ಅದಕ್ಕೆ ಸುಮ್ಮನೆ ಒರಗಿದಳು. ಎಷ್ಟೋ ಹೊತ್ತು ಹಾಗೇ ಒರಗಿದ್ದಳು. ಕಿರ್ ಎಂದು ಒಂದು ಸಣ್ಣ ಸದ್ದು. ನಾನು ಬಂತು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಅದನ್ನು ಮತ್ತೆ ಬಿಗಿ ಮಾಡಿದಳು. ನನಗೆ ಅಳು ಬರುವುದೊಂದು ಬಾಕಿ. ಕಾಲು ಸುತ್ತು ಬಿಚ್ಚುವುದು, ಅದರಲ್ಲಿ ಅರ್ಧ ಹಿಂದಕ್ಕೆ, ಒಂದು ಹನಿ ಎಣ್ಣೆ, ಮತ್ತೆ ಕಾಲು ಸುತ್ತು. ಹಟ ಹಿಡಿದ ಮಗುವನ್ನು ಸಮಾಧಾನ ಮಾಡಿ ನಾಲ್ಕು ಹೆಜ್ಜೆ ನಡೆಸಿ, ಅದು ನಿಂತರೆ ತಾವೂ ನಿಂತು, ಮತ್ತೆ ನಡೆಸುವ ಹಾಗೆ. ಅವಳ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದು ನಿಂತಿತ್ತು. ಒರೆಸಲು ನನ್ನ ಹೆಂಡತಿ ಹೋದರೆ ಕತ್ತಾಡಿಸಿ ಬೇಡ ಎಂದಳು. ನಲವತ್ತು ನಿಮಿಷ ಆಯಿತು. ನಾನು ಗಡಿಯಾರ ನೋಡುತ್ತಿದ್ದೆ, ಅದಕ್ಕೇ ಗೊತ್ತು.

ಕೊನೆಗೆ ಪಾನಾ ಹಗುರಾಗಿ ತಿರುಗಿತು. ಪ್ಲಗ್ ಹೊರಗೆ ಬಂತು. ಅವಳು ಮೊದಲು ಬೆರಳಿನಿಂದ ಅದರ ಸುತ್ತು ಸವರಿದಳು. ಲೋಹದ ಬಳೆ ಇರಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು ಪಿಂಗಾಣಿ ನೋಡಿದಳು. ಕೂದಲೆಳೆಯ ಒಂದು ಸೀಳು, ಉದ್ದಕ್ಕೂ, ಕಂದು ಬಣ್ಣಕ್ಕೆ ತಿರುಗಿತ್ತು.

"ಎದೆ ಒಡ್ಕೊಂಡು ಇಷ್ಟು ದಿನ ಆದಷ್ಟು ಮಾಡಿದೆ ನೋಡು," ಎಂದಳು. ನನಗೆ ಹೇಳಿದ್ದಲ್ಲ, ಪ್ಲಗ್ಗಿನ ಬಗ್ಗೆ ಪ್ಲಗ್ಗಿನ ಮುಂದೆಯೇ ಹೇಳಿದ್ದು.

ತೆಗೆದದ್ದಾಯಿತು, ಹಾಕುವುದು ಬಾಕಿ. ಓರೆಯಾಗಿ ಕೂತರೆ ಅಲ್ಲೂ ಥ್ರೆಡ್ ಹಾಳಾಗುತ್ತದೆ. ಹೊಸ ಪ್ಲಗ್ಗಿನ ತಲೆಗೆ ಆ ಗೇಣು ರಬ್ಬರ್ ಪೈಪು ಸಿಕ್ಕಿಸಿ ಗುಂಡಿಗೆ ಇಳಿಸಿದಳು, ಪೈಪಿನ ಮೇಲ್ತುದಿಯನ್ನು ಎರಡು ಬೆರಳಲ್ಲಿ ತಿರುಗಿಸಿದಳು. ಓರೆಯಾಗಿ ಹಿಡಿದರೆ ಪೈಪು ತಾನೇ ಜಾರುತ್ತದೆ, ಪಾನಾದ ಹಾಗೆ ಹಟ ಮಾಡುವುದಿಲ್ಲ. ಮೊದಲ ಮೂರೂ ಒಂದೇ ಸಲಕ್ಕೆ ಕೂತಿದ್ದವು. ಇದು ಜಾರಿತು. ಮೇಲೆ ತೆಗೆದಳು, ಮತ್ತೆ ಇಳಿಸಿದಳು, ಜಾರಿತು. ಮೂರನೆಯ ಸಲವೂ ಜಾರಿತು. ಅವಳು ಎದ್ದು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು, ಕೈ ಒದರಿ, ಮತ್ತೆ ಬಂದು ಬಾಗಿದಳು. ಈ ಸಲ ಮುಂದಕ್ಕೆ ತಿರುಗಿಸುವ ಬದಲು ಮೊದಲು ಹಿಂದಕ್ಕೆ ತಿರುಗಿಸಿದಳು, ಎಲ್ಲಿ ಕಳಚಿ ಬೀಳುತ್ತದೆ ಎಂದು ಕಿವಿಗೊಟ್ಟು. ಸಣ್ಣಗೆ ಟಿಕ್ ಎಂದಿತು. ಅಲ್ಲಿಂದ ಮುಂದಕ್ಕೆ ತಿರುಗಿಸಿದಳು. ಪೈಪು ಜಾರಲಿಲ್ಲ. ಒಂದು ಸುತ್ತು, ಎರಡು, ಮೂರು, ನೀರು ಇಳಿದ ಹಾಗೆ ಇಳಿಯಿತು. ಕೊನೆಗೆ ಪಾನಾದಿಂದ ಅರ್ಧ ಸುತ್ತು. ಅರ್ಧ ಅಂದರೆ ಅರ್ಧ. ಇನ್ನೊಂದು ಚೂರು ಇರಲಿ ಎಂದು ನಾನು ಕೈ ನೀಡಿದರೆ ಮೊಣಕೈಯಿಂದ ತಳ್ಳಿದಳು.

ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ಎಷ್ಟು ಸದ್ದಿಲ್ಲದೆ ಅಂದರೆ, ಶುರುವಾಗಲಿಲ್ಲ ಎಂದುಕೊಂಡು ಮತ್ತೊಮ್ಮೆ ತಿರುಗಿಸಹೊರಟು ಮೇಷ್ಟ್ರ ಕೈಯಲ್ಲಿ ಬೈಸಿಕೊಂಡೆ. ದೊಡ್ಡಮ್ಮ ಹಿಂದೆ ಹೋಗಿ ಹಾಳೆ ಹಿಡಿದಳು. ನಾನೂ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ಹಾಳೆ ಒಂದೇ ಸಮನೆ ಹೊರಕ್ಕೆ ಬಾಗಿ ನಿಂತು ಸಣ್ಣಗೆ ಕಂಪಿಸುತ್ತಿತ್ತು, ಒಂದು ಸಲವೂ ಒಳಕ್ಕೆ ಎಳೆಯಲಿಲ್ಲ. ಆ ಕಂಪನದ ಹಿಂದೆ ನಾಲ್ಕು ಕಿಡಿಗಳು ಸರತಿ ತಪ್ಪದೆ ಹಾರುತ್ತಿವೆ, ಯಾರ ಕಣ್ಣಿಗೂ ಬೀಳದೆ. ನಾವಿಬ್ಬರೂ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆವು. ಆರಿಸ್ರೀ ಎಂಜಿನ್ನು, ಮತ್ತೆ ಮಸಿ ಹಿಡಿಯತ್ತೆ, ಎಂದು ಕೂಗಿದವಳು ನನ್ನ ಹೆಂಡತಿ.

ಸೋಮವಾರ ಆರು ಇಪ್ಪತ್ತಕ್ಕೆ ಮೊದಲ ಕ್ಲಿನಿಕ್ಕಿನ ಮುಂದೆ ಇದ್ದೆ. ಬಾಗಿಲು ತೆರೆಯುವವರೆಗೆ ಎಂಜಿನ್ ಆರಿಸಿ ಕಾದೆ. ಹನ್ನೊಂದೂ ಮುಗಿಸಿ ಲ್ಯಾಬಿಗೆ ಬಂದಾಗ ಮೇಲ್ವಿಚಾರಕಿ ಗಡಿಯಾರ ನೋಡಿ, ನಾಳೆಯಿಂದಲೂ ನೀವೇ ಎಂದರು. ಇನ್ನೊಬ್ಬ ಕೀ ತಿರುಗಿಸುವುದನ್ನು ನಿಲ್ಲಿಸಿ ಕೊಳವೆ ತೊಳೆಯಲು ಹೋದ. ಹಿಗ್ಗಿನಲ್ಲಿ ನಾನು ಮೇಲ್ವಿಚಾರಕಿಗೆ ಭಾನುವಾರದ ಕಥೆಯೆಲ್ಲ ಹೇಳಿದೆ. ಅವರ ಕಾರೂ ಈಚೆಗೆ ನಡುಗುತ್ತಿತ್ತಂತೆ. ನಿಮ್ಮ ದೊಡ್ಡಮ್ಮ ಒಮ್ಮೆ ನೋಡಬಹುದಾ ಎಂದರು. ಅಯ್ಯೋ, ಅದಕ್ಕೇನಂತೆ ಎಂದೆ. ಅವರು ಹುಷಾರಿನ ಹೆಂಗಸು. ಎಷ್ಟು ಗಾಡಿಗೆ ಪ್ಲಗ್ ಹಾಕಿರಬಹುದು ನಿಮ್ಮ ದೊಡ್ಡಮ್ಮ ಎಂದು ಕೇಳಿದರು. ಸಾವಿರಾರು ಎಂದೆ. ಸರಿಯಾಗಿ ಎಷ್ಟು ಎಂದರು. ಕೇಳಿಕೊಂಡು ಬರುತ್ತೇನೆ ಎಂದೆ.

ಮನೆಗೆ ಬಂದಾಗ ದೊಡ್ಡಮ್ಮ ಬಚ್ಚಲಿನ ಕಲ್ಲಿನ ಮೇಲೆ ಕುಳಿತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಗುರಿನ ಮಸಿ ತಿಕ್ಕುತ್ತಿದ್ದಳು. ನನ್ನ ಹೆಂಡತಿ ಪಕ್ಕದಲ್ಲಿ ನೀರು ಹಾಕುತ್ತಿದ್ದಳು. ಕೆಲಸ ನನಗೇ ಖಾಯಂ ಆಯಿತು ಎಂದೆ. ಒಳ್ಳೇದಾಯ್ತು, ಎಂದಳು ದೊಡ್ಡಮ್ಮ, ತಲೆಯೆತ್ತದೆ. ಮೇಲ್ವಿಚಾರಕಿಯ ಕಾರಿನ ವಿಷಯ ಹೇಳಿದೆ.

"ಅವರು ಕೇಳ್ತಿದ್ರು. ಇದುವರೆಗೆ ಒಟ್ಟು ಎಷ್ಟು ಗಾಡಿಗೆ ಪ್ಲಗ್ ಹಾಕಿದ್ದೀಯ ದೊಡ್ಡಮ್ಮ ನೀನು?"

ನೀರು ಹಾಕುತ್ತಿದ್ದ ತಂಬಿಗೆ ಗಾಳಿಯಲ್ಲೇ ನಿಂತಿತು. ಹೆಂಡತಿ ನನ್ನ ಮುಖ ನೋಡಿದಳು. ಬಾಯಿಂದ ಹೊರಬಿದ್ದ ಮೇಲೆ ನನಗೂ ಆ ಪ್ರಶ್ನೆ ಏನೆಂದು ಹೊಳೆಯತೊಡಗಿತು.

ದೊಡ್ಡಮ್ಮ ಹೆಬ್ಬೆರಳಿನ ಉಗುರನ್ನು ಬೆಳಕಿಗೆ ಹಿಡಿದು, ಇನ್ನೂ ಉಳಿದಿದೆಯಾ ಎಂದು ನೋಡಿದಳು.

"ನಿನ್ನ ಗಾಡೀದೇ ಮೊದಲು," ಎಂದಳು. "ಶನಿವಾರ ಕೇಳಿದ್ರೆ ಶನಿವಾರಾನೇ ಹೇಳ್ತಿದ್ದೆ."